ಉಪ್ಪು ಕಡಿಮೆ ಎಂದು ದೀಪ ಹೇಳಿದಾಗ

ಹೋದ ಬೇಸಿಗೆಯಿಂದ ಈಚೆಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಬಿಡದೆ ಬರುತ್ತಿದೆ. ಪೆನುಕೊಂಡ, ಹಿಂದೂಪುರ, ಮಡಕಶಿರಾ ಕಡೆಯಿಂದ ಒಂದಷ್ಟು, ಗಡಿಯ ಈಚೆ ಗೌರಿಬಿದನೂರು, ಬಾಗೇಪಲ್ಲಿ, ಪಾವಗಡದಿಂದ ಇನ್ನೊಂದಷ್ಟು. ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಅಕ್ಕಪಕ್ಕ ತೋಟದ ಮನೆ ಕಟ್ಟಿಕೊಂಡವರು, ಸಣ್ಣ ರೆಸಾರ್ಟ್ ನಡೆಸುವವರು, ಅವರಲ್ಲಿ ಕೆಲಸಕ್ಕಿರುವ ಹುಡುಗರು ಕೇಳುವುದು ಹೀಗೆ: "ಸಾರ್, ನಮ್ಮ ಪೂಲ್‌ಗೆ ಉಪ್ಪಿನ ಕ್ಲೋರಿನೇಟರ್ ಹಾಕ್ಸಿದೀವಿ. ಉಪ್ಪು ಕಡಿಮೆ ಅಂತ ದೀಪ ಉರೀತಾನೇ ಇದೆ. ಒಂದು ಮೂಟೆ ಹಾಕಿದ್ವಿ, ಇನ್ನೊಂದೂ ಹಾಕಿದ್ವಿ. ದೀಪ ಆರಲಿಲ್ಲ, ನೀರು ಮಾತ್ರ ಹಸಿರಾಯ್ತು. ಮಿಶನ್ನೇ ಕೆಟ್ಟೋಯ್ತಾ?"

ಮಿಶನ್ ಕೆಟ್ಟಿರುವುದು ಅಪರೂಪ. ಮೂರನೆಯ ಮೂಟೆ ಸುರಿಯುವ ಮೊದಲು ದಯವಿಟ್ಟು ಕೈ ತಡೆಯಿರಿ ಎನ್ನುವುದು ನನ್ನ ಮೊದಲ ಮಾತು. ಹಾಕಿದ ಉಪ್ಪನ್ನು ಹೊರಗೆ ತೆಗೆಯುವ ಸುಲಭದ ದಾರಿ ಯಾವುದೂ ಇಲ್ಲ. ಕೊಳದ ನೀರನ್ನೇ ಚೆಲ್ಲಬೇಕು. ನೀರು ಚೆಲ್ಲುವ ಸ್ಥಿತಿಯಲ್ಲಿ ನಮ್ಮ ಸೀಮೆ ಯಾವತ್ತೂ ಇರಲಿಲ್ಲ.

ಈ ಯಂತ್ರ ಮಾಡುವ ಕೆಲಸವೇನು ಎನ್ನುವುದು ತಿಳಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಉಪ್ಪುನೀರಿನ ಕೊಳವೆಂದರೆ ಕ್ಲೋರಿನ್ ಇಲ್ಲದ ಕೊಳ ಎಂದು ಹೇಳಿ ಮಾರುವವರಿದ್ದಾರೆ. ಅದು ಸುಳ್ಳು. ಅಲ್ಲಿ ಕ್ರಿಮಿ ಕೊಲ್ಲುವುದು ಕ್ಲೋರಿನ್ನೇ. ಡಬ್ಬಿಯಲ್ಲಿ ತಂದು ಸುರಿಯುವ ಬದಲು ಅದನ್ನು ಕೊಳದ ಪಕ್ಕದಲ್ಲೇ ತಯಾರಿಸಿಕೊಳ್ಳುತ್ತೇವೆ, ಅಷ್ಟೇ. ನೀರಿನಲ್ಲಿ ಲೀಟರಿಗೆ ಮೂರರಿಂದ ನಾಲ್ಕು ಗ್ರಾಂ ಉಪ್ಪು ಕರಗಿಸಿಡಬೇಕು. ಸಮುದ್ರದ ನೀರಿನಲ್ಲಿ 35 ಗ್ರಾಂ ಇರುತ್ತದೆ. ಹಾಗಾಗಿ ಇದು ಸಮುದ್ರದ ಹತ್ತನೇ ಒಂದು ಭಾಗದಷ್ಟು ಉಪ್ಪು. ಪಂಪು ಈ ನೀರನ್ನು ಫಿಲ್ಟರಿನಿಂದ ತಂದು ಒಂದು ಸಣ್ಣ ಕೊಳವೆಯೊಳಗೆ ಹಾಯಿಸುತ್ತದೆ. ಆ ಕೊಳವೆಗೆ ಸೆಲ್ ಎನ್ನುತ್ತಾರೆ. ಒಳಗೆ ಒತ್ತೊತ್ತಾಗಿ ನಿಂತ ಟೈಟೇನಿಯಂ ತಟ್ಟೆಗಳಿರುತ್ತವೆ. ಅವುಗಳ ಮೈಮೇಲೆ ರುಥೇನಿಯಂ, ಇರಿಡಿಯಂ ಆಕ್ಸೈಡಿನ ತೆಳ್ಳನೆಯ ಲೇಪ. ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ ಹಾಯಿಸಿದಾಗ ಧನ ತಟ್ಟೆಯಲ್ಲಿ ಕ್ಲೋರಿನ್ ಹುಟ್ಟಿ ನೀರಿನಲ್ಲಿ ಕರಗುತ್ತದೆ. ಋಣ ತಟ್ಟೆಯಲ್ಲಿ ಹೈಡ್ರೋಜನ್ ಗುಳ್ಳೆಗಳೂ ಕ್ಷಾರವೂ ಹುಟ್ಟುತ್ತವೆ. ಕಾರವಾರದ ಬಿಣಗಾದಲ್ಲಿ ದೊಡ್ಡ ಕಾರ್ಖಾನೆ ಕಾಸ್ಟಿಕ್ ಸೋಡಾ ತಯಾರಿಸುವುದೂ ಉಪ್ಪುನೀರಿಗೆ ವಿದ್ಯುತ್ ಹಾಯಿಸುವ ಇದೇ ರಸಾಯನಶಾಸ್ತ್ರದಿಂದ. ಇಂಥ ಸವೆಯದ ಟೈಟೇನಿಯಂ ತಟ್ಟೆಗಳನ್ನು ನಮ್ಮ ದೇಶದಲ್ಲೇ ಮಾಡುವ ವಿಧಾನವನ್ನು ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ ಎನ್ನುವುದನ್ನೂ ಇಲ್ಲಿ ನೆನೆಯಬೇಕು.

ಹೀಗೆ ಹುಟ್ಟಿದ ಕ್ಲೋರಿನ್ ಪಾಚಿಯನ್ನೋ ಬೆವರನ್ನೋ ಸುಟ್ಟು ಮುಗಿಸಿದ ಮೇಲೆ, ಅಥವಾ ಬಿಸಿಲಿಗೆ ಸಿಕ್ಕಿ ಒಡೆದ ಮೇಲೆ, ಮತ್ತೆ ಉಪ್ಪಿನ ರೂಪಕ್ಕೇ ಮರಳುತ್ತದೆ. ಅಂದರೆ ಉಪ್ಪು ಖರ್ಚಾಗುವುದಿಲ್ಲ. ಆವಿಯಾಗಿ ಹೋಗುವುದೂ ಇಲ್ಲ. ಅದು ಕಡಿಮೆಯಾಗಲು ಕಾರಣಗಳು ಕೆಲವೇ: ನೀರನ್ನು ಹಿಮ್ಮುಖವಾಗಿ ಹಾಯಿಸಿ ಕೊಳೆ ತೊಳೆದು ಚೆಲ್ಲುವ ಫಿಲ್ಟರಿನ ಬ್ಯಾಕ್‌ವಾಶ್, ಮಳೆಗೆ ಕೊಳ ತುಂಬಿ ಚೆಲ್ಲುವುದು, ಮಕ್ಕಳು ಹಾರಿ ಎರಚುವುದು, ಎಲ್ಲೋ ಸೋರುವುದು. ಇವು ಯಾವುವೂ ಆಗದೆ, ಹೋದ ತಿಂಗಳು ಸರಿಯಿದ್ದ ಕೊಳದಲ್ಲಿ ಈ ತಿಂಗಳು ಉಪ್ಪು ಕಡಿಮೆ ಎಂದು ದೀಪ ಹೇಳಿದರೆ ದೀಪವನ್ನು ಅನುಮಾನಿಸಬೇಕು.

ದೀಪ ತಪ್ಪು ಹೇಳುವುದೇಕೆ? ಅದಕ್ಕೆ ನಾಲಿಗೆಯಿಲ್ಲ, ಉಪ್ಪಿನ ರುಚಿ ಗೊತ್ತಿಲ್ಲ. ಬಹಳಷ್ಟು ಯಂತ್ರಗಳು ತಟ್ಟೆಗಳ ನಡುವೆ ಎಷ್ಟು ವಿದ್ಯುತ್ ಹರಿಯಿತು ಎಂದು ನೋಡಿ, ಅದರ ಮೇಲೆ ಉಪ್ಪು ಇಷ್ಟಿರಬೇಕು ಎಂದು ಲೆಕ್ಕ ಹಾಕುತ್ತವೆ. ವಿದ್ಯುತ್ ಕಡಿಮೆ ಹರಿಯಿತೋ, ಉಪ್ಪು ಕಡಿಮೆ ಎಂಬ ತೀರ್ಪು. ವಿದ್ಯುತ್ ಕಡಿಮೆ ಹರಿಯಲು ಉಪ್ಪೊಂದೇ ಕಾರಣವಾಗಬೇಕಿಲ್ಲ. ತಟ್ಟೆಗಳ ಮೇಲೆ ಸುಣ್ಣ ಕಟ್ಟಿರಬಹುದು. ವೈರಿನ ತುದಿಗೆ ಕಿಲುಬು ಹಿಡಿದು ಸಡಿಲವಾಗಿರಬಹುದು. ಸೆಲ್ಲಿನೊಳಗೆ ಗಾಳಿ ಸೇರಿ ನೀರು ಅರ್ಧಕ್ಕೆ ನಿಂತಿರಬಹುದು. ಲೇಪ ಸವೆದಿರಬಹುದು. ನೀರು ತಣ್ಣಗಿರಬಹುದು. ಕೊನೆಯದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೀರಿನ ಉಷ್ಣತೆ ಒಂದು ಡಿಗ್ರಿ ಇಳಿದರೆ ಅದರ ವಿದ್ಯುತ್ ವಾಹಕತೆ ಸುಮಾರು ಶೇ. 2ರಷ್ಟು ಇಳಿಯುತ್ತದೆ. ಮೇ ತಿಂಗಳಲ್ಲಿ 30 ಡಿಗ್ರಿ ಇದ್ದ ಕೊಳ ಸಂಕ್ರಾಂತಿಯ ಹೊತ್ತಿಗೆ 20ಕ್ಕೆ ಇಳಿದಿರುತ್ತದೆ. ಉಷ್ಣತೆಯನ್ನು ಸರಿದೂಗಿಸುವ ವ್ಯವಸ್ಥೆ ಇಲ್ಲದ ಯಂತ್ರಕ್ಕೆ ಉಪ್ಪು ಐದನೇ ಒಂದು ಭಾಗ ಮಾಯವಾದಂತೆ ಕಾಣುತ್ತದೆ. ಧನುರ್ಮಾಸದ ಬೆಳಿಗ್ಗೆ ಉರಿದ ದೀಪ ಮಧ್ಯಾಹ್ನ ಬಿಸಿಲೇರಿದಾಗ ತಾನಾಗಿ ಆರುತ್ತಿದ್ದರೆ ನಿಮ್ಮ ಕೊಳಕ್ಕೆ ಉಪ್ಪಿನ ಕೊರತೆಯಿಲ್ಲ, ಚಳಿಯಾಗಿದೆ.

ಆದರೆ ನಮ್ಮ ಸೀಮೆಯಲ್ಲಿ ಚಳಿಗಿಂತ ದೊಡ್ಡ ಕಾರಣ ಸುಣ್ಣ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪೆನುಕೊಂಡ ಬೆಟ್ಟದಿಂದ ಹಿಡಿದು ಪಾವಗಡದ ಕೋಟೆಯವರೆಗೆ ಕಾಲ ಕೆಳಗಿರುವುದು ಗ್ರಾನೈಟು, ನೈಸು ಜಾತಿಯ ಗಟ್ಟಿ ಬಂಡೆ. ನೀರು ಸಿಗುವುದು ಬಂಡೆಯ ಬಿರುಕುಗಳಲ್ಲಿ, ಅದೂ ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದು. ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಫ್ಲೋರೈಡ್ ಎಲ್ಲವನ್ನೂ ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಆ ಎರಡನೆಯ ಅಂಕಿಯ ಆಸುಪಾಸಿನಲ್ಲಿರುವ ಕೊಳವೆಬಾವಿ ನಮ್ಮಲ್ಲಿ ಯಾರಿಗೂ ಆಶ್ಚರ್ಯ ಹುಟ್ಟಿಸುವುದಿಲ್ಲ. ಬಚ್ಚಲಿನ ಗೀಸರ್ ಬಿಚ್ಚಿಸಿದವರು ಅದರ ಕಾಯಿಲಿಗೆ ಹತ್ತಿದ ಬಿಳಿ ಪದರವನ್ನು ನೋಡಿರುತ್ತಾರೆ. ಕ್ಲೋರಿನೇಟರಿನ ಸೆಲ್ಲಿಗೂ ಅದೇ ಪಾಡು.

ಈಗ ಒಂದು ಲೆಕ್ಕ ಹಾಕೋಣ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳ. ಹಿಡಿಯುವುದು ಸುಮಾರು 45,000 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ ಏಳು ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದಿಟ್ಟುಕೊಳ್ಳಿ. ನಮ್ಮ ಬಿಸಿಲಿಗೂ ಗಾಳಿಗೂ ಇದು ಅತಿಯಾದ ಅಂದಾಜಲ್ಲ. 32 ಚದರ ಮೀಟರ್ ಮೈಯಿಂದ ದಿನಕ್ಕೆ 224 ಲೀಟರ್ ಹೋಯಿತು. ಅಷ್ಟನ್ನೂ ಗಡಸುತನ 500 ಇರುವ ಕೊಳವೆಬಾವಿ ನೀರಿನಿಂದ ತುಂಬಿಸಿದರೆ ದಿನಕ್ಕೆ 112 ಗ್ರಾಂ ಸುಣ್ಣದಂಶ ಕೊಳಕ್ಕೆ ಇಳಿಯಿತು. ನೀರು ಆಕಾಶಕ್ಕೆ ಹೋಯಿತು, ಸುಣ್ಣ ಇಲ್ಲೇ ಉಳಿಯಿತು. ನೂರು ದಿನಕ್ಕೆ ಹನ್ನೊಂದು ಕಿಲೋ ದಾಟಿತು. ಕೊಳದ ಗಡಸುತನ ಒಂದೇ ಬೇಸಿಗೆಯಲ್ಲಿ 250ರಷ್ಟು ಏರಿತು. ಈ ಯಂತ್ರಗಳಿಗೆ ಒಗ್ಗುವ ಗಡಸುತನ 200ರಿಂದ 400. ಮೊದಲ ದಿನ ತುಂಬಿಸಿದ ನೀರೇ 500 ಇದ್ದರೆ ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

ಕಳೆದ ಏಪ್ರಿಲಿನಲ್ಲಿ ಪೆನುಕೊಂಡದ ಹತ್ತಿರದ ಒಂದು ತೋಟದ ಮನೆಯಲ್ಲಿ ಸೆಲ್ ಬಿಚ್ಚುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ತೋಟ ನೋಡಿಕೊಳ್ಳುವ ಹುಡುಗ ಮೇನ್ ಸ್ವಿಚ್ ಆರಿಸಿ, ಎರಡೂ ವಾಲ್ವ್ ಮುಚ್ಚಿ, ಯೂನಿಯನ್ ತಿರುಪಿ ಸೆಲ್ಲನ್ನು ಹೊರತೆಗೆದು ಬೆಳಕಿಗೆ ಹಿಡಿದ. ತಟ್ಟೆಗಳ ನಡುವೆ ಆಚೆಯ ಬೆಳಕು ಕಾಣಬೇಕು. ಕಾಣಲಿಲ್ಲ. ಬಿಳಿಯ, ಅಲ್ಲಲ್ಲಿ ತುಸು ಕೆಂಪಿಗೆ ತಿರುಗಿದ ಸುಣ್ಣ ಸಂದಿಗಳನ್ನೆಲ್ಲ ತುಂಬಿಕೊಂಡು, ಅಂಚಿನಲ್ಲಿ ಹೂಕೋಸಿನ ಹಾಗೆ ಉಕ್ಕಿ ನಿಂತಿತ್ತು. ಆತ ಸ್ಕ್ರೂಡ್ರೈವರಿಗೆ ಕೈಹಾಕಿದ. "ಬೇಡಪ್ಪ, ಕೆರೀಬೇಡ" ಎಂದೆ. ಕೆರೆದರೆ ಸುಣ್ಣದ ಜೊತೆಗೆ ಲೇಪವೂ ಏಳುತ್ತದೆ. ಸೆಲ್ಲಿನ ಬೆಲೆಯೆಲ್ಲ ಇರುವುದು ಆ ಲೇಪದಲ್ಲೇ.

ಸುಣ್ಣ ಅಲ್ಲೇ ಬಂದು ಕೂರುವುದಕ್ಕೆ ಕಾರಣವಿದೆ. ಋಣ ತಟ್ಟೆಯಲ್ಲಿ ಕ್ಷಾರ ಹುಟ್ಟುತ್ತದೆ ಎಂದೆನಲ್ಲ, ಆ ತಟ್ಟೆಯ ಮೈಗೆ ಅಂಟಿದ ತೆಳು ನೀರಿನ ಪದರದಲ್ಲಿ ಪಿಎಚ್ ವಿಪರೀತ ಏರಿರುತ್ತದೆ. ಕೊಳದ ಉಳಿದ ನೀರಿನಲ್ಲಿ ಸುಮ್ಮನೆ ಕರಗಿಕೊಂಡಿರುವ ಕ್ಯಾಲ್ಸಿಯಂ ಅಲ್ಲಿಗೆ ಬಂದೊಡನೆ ಕಾರ್ಬೊನೇಟಾಗಿ ಗಟ್ಟಿಯಾಗುತ್ತದೆ. ಒಳ್ಳೆಯ ಯಂತ್ರಗಳು ಕೆಲವು ಗಂಟೆಗಳಿಗೊಮ್ಮೆ ಧನ–ಋಣ ಅದಲುಬದಲು ಮಾಡಿ ಈ ಪದರವನ್ನು ತಾವೇ ಉದುರಿಸಿಕೊಳ್ಳುತ್ತವೆ. ಮಾರುವವರು ಇದನ್ನೇ 'ತಾನೇ ಸ್ವಚ್ಛಗೊಳ್ಳುವ ಸೆಲ್' ಎನ್ನುತ್ತಾರೆ. ಸಾಧಾರಣ ನೀರಿಗೆ ಆ ಮಾತು ಸರಿ. ನಮ್ಮ ನೀರಿಗೆ ಸಾಲದು. ಉದುರುವುದಕ್ಕಿಂತ ಬೇಗ ಕಟ್ಟುತ್ತದೆ. ಹಾಗಾಗಿ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನೋಡಿ ಎಂದೆ, ಪ್ರತಿ ಸಲ ತೊಳೆಯಿರಿ ಎನ್ನಲಿಲ್ಲ.

ತೊಳೆಯಬೇಕಾದಾಗ ಮೊದಲು ಬರೀ ನೀರಿನ ಜೋರು ಧಾರೆ ಹಿಡಿಯಿರಿ. ಸಡಿಲವಾಗಿದ್ದದ್ದು ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಆಸಿಡ್. ಪ್ಲಾಸ್ಟಿಕ್ ಬಕೆಟಿನಲ್ಲಿ ಹತ್ತು ಪಾಲು ನೀರು ಹಾಕಿಕೊಂಡು, ಅದಕ್ಕೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್ ನಿಧಾನವಾಗಿ ಸುರಿಯಬೇಕು. ಆಸಿಡ್ಡಿಗೆ ನೀರು ಸುರಿಯಲೇಬಾರದು, ಸಿಡಿದು ಮುಖಕ್ಕೆ ಬರುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು. ಈ ಕೆಲಸ ಮೋಟರ್ ಮನೆಯೊಳಗೆ ಬೇಡ, ಬಯಲಲ್ಲಿ ಗಾಳಿಗೆ ಬೆನ್ನು ಮಾಡಿ ಕೂತು ಮಾಡಿ. ಸೆಲ್ಲಿನ ಒಂದು ಬಾಯಿಯನ್ನು ಮುಚ್ಚಳದಿಂದ ಭದ್ರಪಡಿಸಿ, ವೈರು ಕೂರುವ ಭಾಗ ನೆನೆಯದಂತೆ ದ್ರಾವಣವನ್ನು ಒಳಗೆ ತುಂಬಬೇಕು. ಬುರುಬುರು ನೊರೆ ಎದ್ದರೆ ಸುಣ್ಣ ಕರಗುತ್ತಿದೆ ಎಂದರ್ಥ. ನೊರೆ ನಿಂತಿತೆಂದರೆ ಕೆಲಸ ಮುಗಿಯಿತು, ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ. ಇನ್ನೂ ಬೆಳ್ಳಗಾಗಲಿ ಎಂದು ರಾತ್ರಿಯಿಡೀ ನೆನೆಹಾಕುವವರು ತಮ್ಮ ಕೈಯಾರೆ ಸೆಲ್ಲಿನ ಆಯುಷ್ಯ ಕಡಿಯುತ್ತಾರೆ. ಆಸಿಡ್ ಸುಣ್ಣವನ್ನು ತಿಂದು ಮುಗಿಸಿದ ಮೇಲೆ ಲೇಪದ ಮೇಲೆ ಎರಗುತ್ತದೆ. ಬಳಸಿದ ದ್ರಾವಣಕ್ಕೆ ಅಡುಗೆ ಸೋಡಾ ಹಾಕಿ ನೊರೆ ಬರುವುದು ನಿಂತ ಮೇಲೆಯೇ ಚೆಲ್ಲಬೇಕು. ಆ ತೋಟದ ಸೆಲ್ಲು ತೊಳೆದು ಕೂರಿಸಿ ಪಂಪು ಹಾಕಿದ ಸ್ವಲ್ಪ ಹೊತ್ತಿಗೆ ದೀಪ ಆರಿತು. ಬೇರೆ ಮೀಟರಿನಿಂದ ಅಳೆದರೆ ಉಪ್ಪು ಲೀಟರಿಗೆ ಐದು ಗ್ರಾಂ ದಾಟಿತ್ತು. ದೀಪ ಕೇಳಿದಾಗಲೆಲ್ಲ ಸುರಿದ ಮೂಟೆಗಳು ಅವು.

ಬೇರೆ ಮೀಟರ್ ಎಂದೆನಲ್ಲ, ಅದು ಇಲ್ಲದೆ ಈ ಯಂತ್ರ ಇಟ್ಟುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆರ್‌ಓ ಅಂಗಡಿಯವರು ಜೇಬಿನಲ್ಲಿಟ್ಟುಕೊಳ್ಳುವ ಟಿಡಿಎಸ್ ಪೆನ್ ಕೂಡ ಸ್ಥೂಲವಾಗಿ ದಾರಿ ತೋರಿಸುತ್ತದೆ. ಆದರೆ ಅದು ಕರಗಿದ್ದೆಲ್ಲವನ್ನೂ ಒಟ್ಟಿಗೆ ಎಣಿಸುತ್ತದೆ. ನಿಮ್ಮ ಕೊಳವೆಬಾವಿ ನೀರಿನ ಟಿಡಿಎಸ್ಸೇ ಸಾವಿರ ಇದ್ದರೆ ಅದನ್ನು ಕಳೆದು ಓದಬೇಕು. ಕ್ಲೋರೈಡ್ ಒಂದನ್ನೇ ಅಳೆಯುವ ಪಟ್ಟಿಗಳು, ಹನಿ ಹಾಕಿ ನೋಡುವ ಕಿಟ್‌ಗಳು ಇನ್ನೂ ನಂಬಿಕೆಗೆ ಅರ್ಹ. ಉಪ್ಪು ನಿಜಕ್ಕೂ ಕಡಿಮೆಯಿದೆ ಎಂದು ಅವು ಹೇಳಿದಾಗ ಮಾತ್ರ ಮೂಟೆ ತನ್ನಿ. ಎಂಥ ಉಪ್ಪು ಎಂದರೆ, ಶುದ್ಧವಾದ, ಅಯೋಡಿನ್ ಸೇರದ ಸಂಸ್ಕರಿಸಿದ ಉಪ್ಪು. ಗೋಕರ್ಣದ ಸಾಣಿಕಟ್ಟಾ ಉಪ್ಪನ್ನು ಉಪ್ಪಿನಕಾಯಿಗೆ ಕಣ್ಣಿಗೊತ್ತಿಕೊಂಡು ಬಳಸುವವನು ನಾನು. ಆದರೆ ಗದ್ದೆಯಿಂದ ನೇರ ಬಂದ ಹರಳುಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಒಂದಿಷ್ಟು ಮಣ್ಣು ಇರುತ್ತವೆ. ಅಡುಗೆಗೆ ಗುಣವಾದದ್ದು ಸೆಲ್ಲಿಗೆ ಸುಣ್ಣವಾಗುತ್ತದೆ.

ದೀಪ ಆರಿದೆ, ಉಪ್ಪು ಸರಿಯಿದೆ, ಆದರೂ ನೀರು ಹಸಿರು ಎನ್ನುವವರ ಪ್ರಶ್ನೆ ಬೇರೆ. ಅವರು ಪಿಎಚ್ ನೋಡಬೇಕು. ಕ್ಲೋರಿನ್ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಚುರುಕು, ಇನ್ನೊಂದು ಮಂದ. ಪಿಎಚ್ 7.5 ಇದ್ದಾಗ ಎರಡೂ ಸುಮಾರು ಅರ್ಧರ್ಧ. 8ಕ್ಕೆ ಏರಿದರೆ ಚುರುಕಿನದು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಉಪ್ಪಿನ ಯಂತ್ರ ನಡೆಯುವ ಕೊಳದಲ್ಲಿ ಪಿಎಚ್ ಏರುವುದು ಸಹಜ ಗುಣ. ಹೈಡ್ರೋಜನ್ ಗುಳ್ಳೆಗಳು ನೀರನ್ನು ಕಲಕಿ ಅದರಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೊರಕ್ಕೆ ಎತ್ತಿ ಒಯ್ಯುತ್ತವೆ. ಕ್ಷಾರೀಯತೆ ಹೆಚ್ಚಿರುವ ನಮ್ಮ ಕೊಳವೆಬಾವಿ ನೀರಿನಲ್ಲಿ ಈ ಏರಿಕೆ ಇನ್ನೂ ಬೇಗ. ವಾರಕ್ಕೆರಡು ಸಲ ಅಳೆದು, 7.8 ದಾಟಿದರೆ ಸಂಜೆ ಪಂಪು ಓಡುತ್ತಿರುವಾಗ ಕೊಳದ ಆಳವಾದ ಕಡೆ ಸ್ವಲ್ಪ ಸ್ವಲ್ಪ ಆಸಿಡ್ ಹಾಕಿ 7.4ರ ಸುತ್ತ ತರಬೇಕು. ಅಂದು ಯಾರೂ ನೀರಿಗಿಳಿಯಬಾರದು. ಪಿಎಚ್ ಹತೋಟಿಯಲ್ಲಿಟ್ಟರೆ ಇನ್ನೊಂದು ಲಾಭವಿದೆ, ಸೆಲ್ಲಿನಲ್ಲಿ ಸುಣ್ಣ ಕಟ್ಟುವ ವೇಗವೂ ತಗ್ಗುತ್ತದೆ. ಸೆಲ್ ತೊಳೆಯಲು ಬಳಸುವ ಆಸಿಡ್ಡಿಗಿಂತ ಕೊಳಕ್ಕೆ ಹಾಕುವ ಆಸಿಡ್ಡೇ ಸೆಲ್ಲನ್ನು ಹೆಚ್ಚು ಕಾಯುತ್ತದೆ.

ಪಂಪು ಓಡುವ ಗಂಟೆಗಳದ್ದು ಇನ್ನೊಂದು ತಕರಾರು. ನಮ್ಮ 45,000 ಲೀಟರಿನ ಕೊಳದಲ್ಲಿ ಕ್ಲೋರಿನ್ ಲೀಟರಿಗೆ ಒಂದು ಮಿಲಿಗ್ರಾಂ ಏರಬೇಕಾದರೆ 45 ಗ್ರಾಂ ಕ್ಲೋರಿನ್ ಹುಟ್ಟಬೇಕು. ಬೇಸಿಗೆಯ ಒಂದು ದಿನದಲ್ಲಿ ಎರಡು ಮೂರು ಮಿಲಿಗ್ರಾಂ ಕಳೆದುಹೋಗುತ್ತದೆ, ಅಂದರೆ ನೂರು ಗ್ರಾಮಿನ ಆಸುಪಾಸು. ಗಂಟೆಗೆ 15 ಗ್ರಾಂ ಮಾಡುವ ಮನೆಬಳಕೆಯ ಯಂತ್ರ ಇದನ್ನು ತುಂಬಲು ಏಳೆಂಟು ಗಂಟೆ ಓಡಬೇಕು. ಕರೆಂಟು ಉಳಿಸಲು ಮೂರೇ ಗಂಟೆ ಓಡಿಸಿದರೆ ಯಾವ ಕಂಪನಿಯ ಯಂತ್ರವೂ ಗೆಲ್ಲಲಾರದು. ಕರೆಂಟು ಹೋಗಿ ಬಂದಾಗ ಟೈಮರಿನ ಗಡಿಯಾರ ತಪ್ಪಿರುವುದೂ ಉಂಟು, ಅದನ್ನೂ ನೋಡಿ.

ಇಷ್ಟೆಲ್ಲ ಹುಟ್ಟಿದ ಕ್ಲೋರಿನ್ನನ್ನು ಬಿಸಿಲು ತಿನ್ನುತ್ತದೆ. ತೆರೆದ ಕೊಳದಲ್ಲಿ, ನೆತ್ತಿಯ ಮೇಲಿನ ಸೂರ್ಯನಿಗೆ, ಅರ್ಧ ಕ್ಲೋರಿನ್ ಒಂದೆರಡು ಗಂಟೆಗಳಲ್ಲೇ ಹೋಗಿಬಿಡುತ್ತದೆ. ಇದನ್ನು ತಡೆಯಲು ಸಯನ್ಯೂರಿಕ್ ಆಸಿಡ್ ಎಂಬ ಪುಡಿ ಬೇಕು. ಪೂಲ್ ಸಾಮಾನಿನ ಅಂಗಡಿಗಳಲ್ಲಿ ಸ್ಟೆಬಿಲೈಸರ್ ಎಂದು ಕೇಳಿದರೆ ಕೊಡುತ್ತಾರೆ. ಲೀಟರಿಗೆ 30ರಿಂದ 50 ಮಿಲಿಗ್ರಾಂ ಇದ್ದರೆ ಸಾಕು. ಅದು ಅತಿಯಾದರೆ ಕ್ಲೋರಿನ್ನಿನ ಕೈಕಟ್ಟುತ್ತದೆ. ಮೊದಲು ಟಿಸಿಸಿಎ ಎಂಬ ಬಿಳಿ ಕ್ಲೋರಿನ್ ಮಾತ್ರೆ ಹಾಕಿ ಕೊಳ ನಡೆಸುತ್ತಿದ್ದು ಆಮೇಲೆ ಉಪ್ಪಿನ ಯಂತ್ರಕ್ಕೆ ಬಂದವರಲ್ಲಿ ಈ ಅತಿ ಸಾಮಾನ್ಯ, ಏಕೆಂದರೆ ಆ ಟಿಸಿಸಿಎ ಮಾತ್ರೆಯೊಳಗೇ ಸಯನ್ಯೂರಿಕ್ ಆಸಿಡ್ ಇರುತ್ತದೆ. ಅವರು ಅಳೆಯದೆ ಪುಡಿ ಹಾಕಬಾರದು. ಹಾಗೆಯೇ ಬ್ಲೀಚಿಂಗ್ ಪೌಡರ್ ಹಾಕುವವರು ಪ್ರತಿ ಸಲವೂ ಕ್ಯಾಲ್ಸಿಯಂ ಹಾಕುತ್ತಿದ್ದೇವೆಂದು ತಿಳಿದಿರಲಿ.

ಒಂದು ವಿಷಯದಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ. ಸೆಲ್ಲಿನ ಹತ್ತಿರ ಫ್ಲೋ ಸ್ವಿಚ್ ಎಂಬ ಸಣ್ಣ ಭಾಗವಿರುತ್ತದೆ. ನೀರು ಹರಿಯದಿದ್ದಾಗ ಯಂತ್ರವನ್ನು ನಿಲ್ಲಿಸುವುದು ಅದರ ಕೆಲಸ. ಅದು ಕೈಕೊಟ್ಟಾಗ, "ಅಣ್ಣಾ, ವೈರು ನೇರ ಕೊಟ್ಬಿಟ್ರೆ ಓಡುತ್ತೆ" ಎಂದು ಸಲಹೆ ಕೊಡುವ ಮೆಕ್ಯಾನಿಕ್ಕುಗಳು ಎಲ್ಲ ಊರಲ್ಲೂ ಇದ್ದಾರೆ. ಓಡುತ್ತದೆ, ನಿಜ. ನೀರು ನಿಂತ ಸೆಲ್ಲಿನೊಳಗೆ ಹೈಡ್ರೋಜನ್ ತುಂಬುತ್ತಲೂ ಹೋಗುತ್ತದೆ. ಒಂದು ಕಿಡಿ ಸಾಕು, ಸೆಲ್ ಒಡೆದು ಚೂರುಗಳು ಸಿಡಿಯಲು. ಆ ಸ್ವಿಚ್ಚನ್ನು ಬೈಪಾಸ್ ಮಾಡಬೇಡಿ, ಮಾಡಲು ಬಿಡಬೇಡಿ. ಪಂಪು, ಯಂತ್ರ, ನೀರಿನೊಳಗಿನ ದೀಪ ಎಲ್ಲಕ್ಕೂ ಅರ್ಥಿಂಗ್ ಮತ್ತು ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಆಸಿಡ್ ಕ್ಯಾನು, ಬ್ಲೀಚಿಂಗ್ ಪೌಡರಿನ ಡಬ್ಬಿ, ಬಿಳಿ ಮಾತ್ರೆಗಳ ಬಕೆಟ್ ಮೂರನ್ನೂ ಒಂದೇ ಗೂಡಿನಲ್ಲಿ ತುರುಕಬೇಡಿ. ಆಸಿಡ್ ಬ್ಲೀಚಿಂಗ್ ಪೌಡರಿಗೆ ತಗುಲಿದರೆ ವಿಷಗಾಳಿ, ಮಾತ್ರೆಯೂ ಪೌಡರೂ ಬೆರೆತು ತೇವಗೊಂಡರೆ ಬೆಂಕಿ.

ಹಾಗಾದರೆ ನಮ್ಮ ಸೀಮೆಗೆ ಈ ಯಂತ್ರ ಬೇಕೇ ಎಂದು ಕೇಳುತ್ತಾರೆ. ಕೊಳ ತುಂಬುವ ನೀರು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರವಿದ್ದವರಿಗೆ ಬೇಕು, ಇಲ್ಲದವರಿಗೆ ಬೇಡ ಎನ್ನುತ್ತೇನೆ. ಪೆನುಕೊಂಡಕ್ಕೆ ಹೊರಗಿನ ನೀರು ತರುವ ಚಿಂತೆ ಇಂದಿನದಲ್ಲ. 1388ರಲ್ಲಿ, ವಿಜಯನಗರದ ಪ್ರತಾಪ ಬುಕ್ಕರಾಯ ಪೆನುಕೊಂಡದಿಂದ ಆಳುತ್ತಿದ್ದಾಗ, ಹೆನ್ನೆ ಎಂದು ಕರೆಯುತ್ತಿದ್ದ ಪೆನ್ನಾರ್ ನದಿಯನ್ನು ಊರಿಗೆ ತರುವಂತೆ ಜಲಸೂತ್ರ ಬಲ್ಲ ಸಿಂಗಾಯಭಟ್ಟನಿಗೆ ಅಪ್ಪಣೆ ಕೊಟ್ಟದ್ದು, ಸಿರುವೆರ ಕೆರೆಗೆ ಕಾಲುವೆ ತೋಡಿಸಿದ್ದು ಗೌರಿಬಿದನೂರು ತಾಲೂಕಿನ ಶಾಸನವೊಂದರಲ್ಲಿ ದಾಖಲಾಗಿದೆ. ನಮ್ಮ ಕಾಲದಲ್ಲಿ ಹಂದ್ರಿ–ನೀವಾ ಯೋಜನೆ ಶ್ರೀಶೈಲದ ಹಿನ್ನೀರಿನಿಂದ ಕೃಷ್ಣೆಯನ್ನು ಪೆನುಕೊಂಡದ ಬಳಿಯ ಗೊಲ್ಲಪಲ್ಲಿ ಜಲಾಶಯಕ್ಕೆ ತಂದಿದೆ. ಎರ್ರಮಂಚಿಯ ಕಿಯಾ ಕಾರು ಕಾರ್ಖಾನೆಗೂ ಅಲ್ಲಿಂದಲೇ ನೀರು. ನದಿಯ ನೀರು ಬಂಡೆಯ ನೀರಿನಷ್ಟು ಗಡಸಲ್ಲ. ಆದರೆ ಅದು ಊರಿನ ಬಾಯಾರಿಕೆಗೂ ಬೆಳೆಗೂ ಬಂದ ನೀರು. ಈಜುವವರ ಸರದಿ ಕೊನೆಗಿರಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿದ್ದು ನೆನಪಿರಬಹುದು. ಆ ಕ್ರಮ ಸರಿಯಾಗಿತ್ತು.

ಈಜುವವರಿಗೆ ಸಲ್ಲುವ ನೀರು ಮಳೆಯದು. ಅವಿಭಜಿತ ಅನಂತಪುರ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 550 ಮಿಲಿಮೀಟರ್, ದೇಶದ ತೀರಾ ಕಡಿಮೆ ಮಳೆಯ ಜಿಲ್ಲೆಗಳಲ್ಲಿ ಅದೂ ಒಂದು. ಅಷ್ಟಿದ್ದರೂ ನೂರು ಚದರ ಮೀಟರಿನ ತಾರಸಿಯ ಮೇಲೆ ವರ್ಷಕ್ಕೆ ಬೀಳುವುದು 55,000 ಲೀಟರ್. ಐದನೇ ಒಂದು ಭಾಗ ವ್ಯರ್ಥವಾಯಿತೆಂದರೂ ಕೈಗೆ ಸಿಗುವುದು 44,000, ಹತ್ತಿರಹತ್ತಿರ ನಮ್ಮ ಲೆಕ್ಕದ ಒಂದು ಕೊಳ! ಗಡಸುತನ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ತೊಟ್ಟಿ ಕಟ್ಟಿ ಅದನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಕೊಳಕ್ಕೆ ಬಿಟ್ಟರೆ ಸೆಲ್ಲೂ ಉಳಿಯುತ್ತದೆ, ಕೊಳವೆಬಾವಿಯೂ ಉಳಿಯುತ್ತದೆ. ತೊಟ್ಟಿಗೆ ಜಾಗವಿಲ್ಲದವರು ತುಂಬುವ ಪೈಪಿಗೆ ಸಾಫ್ಟ್‌ನರ್ ಕೂರಿಸಬಹುದು. ಅದು ಕ್ಯಾಲ್ಸಿಯಂ ಕಸಿದುಕೊಂಡು ಸೋಡಿಯಂ ಕೊಡುತ್ತದೆ, ಉಪ್ಪಿನ ಕೊಳಕ್ಕೆ ಅದರಿಂದ ತೊಂದರೆಯಿಲ್ಲ. ಅದಕ್ಕೂ ಮೊದಲು ಕೊಳಕ್ಕೊಂದು ಹೊದಿಕೆ ಕೊಳ್ಳಿ. ರಾತ್ರಿ, ಯಾರೂ ಈಜದ ದಿನ ಅದನ್ನು ಎಳೆದಿಟ್ಟರೆ ಆವಿಯಾಗುವ ನೀರಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಯಂತ್ರಕ್ಕೆ ಹಾಕುವ ದುಡ್ಡಿಗಿಂತ ಹೊದಿಕೆಗೆ ಹಾಕಿದ್ದು ಮೊದಲು ವಾಪಸಾಗುತ್ತದೆ.

ಸೆಲ್ಲಿಗೂ ಒಂದು ಆಯುಷ್ಯವಿದೆ. ಹತ್ತು ಸಾವಿರ ಗಂಟೆಯ ಲೆಕ್ಕದಲ್ಲಿ ಬರುವವೇ ಹೆಚ್ಚು. ದಿನಕ್ಕೆ ಎಂಟು ಗಂಟೆಯಂತೆ ಮೂರೂವರೆ ವರ್ಷ. ತಟ್ಟೆಗಳು ಸ್ವಚ್ಛವಾಗಿದ್ದು, ಬೇರೆ ಮೀಟರಿನಲ್ಲಿ ಉಪ್ಪು ಸರಿಯಿದ್ದು, ವೈರು ಬಿಗಿಯಾಗಿದ್ದು, ನೀರು ಬೆಚ್ಚಗಿದ್ದೂ ದೀಪ ಉರಿದರೆ ಲೇಪ ಮುಗಿದಿದೆ ಎಂದು ತಿಳಿಯಿರಿ. ಆಗಲೂ ಬದಲಿಸಬೇಕಾದ್ದು ಸೆಲ್ ಒಂದನ್ನೇ. ಗೋಡೆಯ ಮೇಲಿನ ಪೆಟ್ಟಿಗೆಯನ್ನೂ ಸೇರಿಸಿ ಹೊಸದು ಕೊಳ್ಳಿ ಎಂದು ಒತ್ತಾಯಿಸುವವರಿಗೆ, ಪೆಟ್ಟಿಗೆಯ ಔಟ್‌ಪುಟ್ ಅಳೆದು ತೋರಿಸಲು ಹೇಳಿ.

ಕೊನೆಯದಾಗಿ, ಯಾರೂ ಕೇಳದಿದ್ದರೂ ನಾನೇ ಎತ್ತಬೇಕಾದ ವಿಷಯ ಬ್ಯಾಕ್‌ವಾಶ್ ನೀರಿನದು. ಲೀಟರಿಗೆ ನಾಲ್ಕು ಗ್ರಾಂ ಉಪ್ಪಿರುವ ನೀರು ಕಡಲೆಕಾಯಿ ಹೊಲಕ್ಕಾಗಲಿ ಹಿಪ್ಪುನೇರಳೆ ತೋಟಕ್ಕಾಗಲಿ ನೀರಾವರಿಯಾಗಲಾರದು. ಒಂದೆರಡು ಸಲಕ್ಕೆ ಏನೂ ಕಾಣುವುದಿಲ್ಲ. ಮಳೆ ಕಡಿಮೆಯಿರುವ ನೆಲದಲ್ಲಿ ಆ ಉಪ್ಪನ್ನು ತೊಳೆದೊಯ್ಯುವ ನೀರು ಬೀಳುವುದಿಲ್ಲವಾದ್ದರಿಂದ ವರ್ಷಗಳುರುಳಿದಂತೆ ಮಣ್ಣು ಸವಳಾಗುತ್ತದೆ, ಇಂಗಿದ್ದು ಪಕ್ಕದವರ ಕೊಳವೆಬಾವಿಗೂ ಇಳಿಯುತ್ತದೆ. ಪೈಪಿನ ಬಾಯನ್ನು ಬೇಲಿಯಾಚೆಗೆ ತಿರುಗಿಸಿಟ್ಟವರನ್ನು ನೋಡಿದ್ದೇನೆ. ಗೇಜಿನಲ್ಲಿ ಒತ್ತಡ ಏರಿದಾಗ ಮಾತ್ರ ಬ್ಯಾಕ್‌ವಾಶ್ ಮಾಡಿ, ಪ್ರತಿ ವಾರ ಬೇಡ. ಆ ನೀರಿಗೆ ಸಿಮೆಂಟಿನ ಅಗಲವಾದ, ಮೊಣಕಾಲುದ್ದದ ತೊಟ್ಟಿ ಕಟ್ಟಿ ಬಿಸಿಲಿಗೆ ಒಣಗಲು ಬಿಡಿ. ತಳದಲ್ಲಿ ಉಳಿದ ಉಪ್ಪಿನ ಹೆಪ್ಪನ್ನು ಮಳೆಗಾಲಕ್ಕೆ ಮುಂಚೆ ಕೆರೆದು ಚೀಲಕ್ಕೆ ತುಂಬಿ, ಹೊಲ, ಬಾವಿ, ಕೆರೆಯಂಗಳ ಯಾವುದಕ್ಕೂ ಸೇರದಂತೆ ಊರಿನ ಕಸದ ಗಾಡಿಯವರಿಗೆ ಹೇಳಿ ಒಪ್ಪಿಸಿ.